ಇಜಿಎಫ್‌ಆರ್ ಜೊತೆಗಿನ ಗ್ರಬ್-2 ಬ್ಲಾಟ್‌ನಲ್ಲಿ ಕಾಣದಿದ್ದಾಗ: ನನ್ನ ಅನುಭವ

ಕ್ಯಾನ್ಸರ್ ಕೋಶಗಳಿಗೆ 5 ನಿಮಿಷ ಇಜಿಎಫ್ (ಕೋಶ ಬೆಳೆಯಲು ಪ್ರಚೋದಿಸುವ ಪ್ರೋಟೀನು) ಕೊಟ್ಟು, ಅದನ್ನು ಹಿಡಿಯುವ ಇಜಿಎಫ್‌ಆರ್ ಗ್ರಾಹಕವನ್ನು ಪ್ರತಿಕಾಯದಿಂದ ಸೆಳೆದು ತೆಗೆದಾಗ ಗ್ರಾಹಕದ ಪಟ್ಟಿ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ತೂಕದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ಸ್ಪಷ್ಟವಾಗಿ ಮೂಡುತ್ತಿತ್ತು; ಆದರೆ ಅದಕ್ಕೆ ಅಂಟಿಕೊಂಡಿರಬೇಕಾದ ಗ್ರಬ್-2 (ಗ್ರಾಹಕದ ಸಂಕೇತವನ್ನು ಕೋಶದೊಳಗೆ ಸಾಗಿಸುವ ಪ್ರೋಟೀನು) ಕಾಣುತ್ತಿರಲಿಲ್ಲ, ಫಾಸ್ಫೊಟೈರೋಸಿನ್ (ಫಾಸ್ಫೇಟ್ ಹೊತ್ತ ಟೈರೋಸಿನ್ ಎಂಬ ಅಮೈನೋ ಆಮ್ಲ) ಪಟ್ಟಿಯೂ ತೀರಾ ಮಂಕಾಗಿತ್ತು.

ಪ್ರತಿಕಾಯದ ಪ್ರಮಾಣ ಹೆಚ್ಚಿಸಿದ್ದು, ಎಸ್‌ಡಿಎಸ್ ಎಂಬ ತೀಕ್ಷ್ಣ ಮಾರ್ಜಕವಿಲ್ಲದೆ, ಟ್ರೈಟಾನ್ ಎಂಬ ಮೃದು ಮಾರ್ಜಕ 1% ಇರುವ ಬಫರ್ ಬಳಸಿದ್ದು, ಎರಡೂ ಫಲ ಕೊಡಲಿಲ್ಲ. ಬ್ಲಾಟ್‌ನ ಖಾಲಿ ಜಾಗ ಮುಚ್ಚಲು ಹಾಲಿನ ಪುಡಿಯ ಬದಲು 5% ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್) ಬಳಸಿದಾಗ ಹಿನ್ನೆಲೆ ತಿಳಿಯಾಯಿತು, ಅಷ್ಟೆ.

ದೋಷವಿದ್ದದ್ದು, ಫಾಸ್ಫೇಟ್ ಕಳಚುವ ಕಿಣ್ವಗಳಾದ ಫಾಸ್ಫಟೇಸ್‌ಗಳನ್ನು ತಡೆಯಲು ಬಳಸುವ ಸೋಡಿಯಂ ಆರ್ಥೊವನಡೇಟ್‌ನಲ್ಲಿ. ಗ್ರಬ್-2 ತನ್ನ ಎಸ್‌ಎಚ್2 ಭಾಗದಿಂದ ಫಾಸ್ಫೇಟ್ ಹೊತ್ತ ಟೈರೋಸಿನನ್ನು ಹಿಡಿಯುವುದರಿಂದ, ಕೋಶ ಒಡೆದ ಕ್ಷಣದಿಂದಲೇ ಫಾಸ್ಫಟೇಸ್‌ಗಳನ್ನು ತಡೆಯದಿದ್ದರೆ ಬಂಧ ಉಳಿಯುವುದಿಲ್ಲ. ನನ್ನ ವನಡೇಟ್ ಸಕ್ರಿಯಗೊಳಿಸದೆ (ಕುದಿಸಿ ಕೆಲಸ ಮಾಡುವ ರೂಪಕ್ಕೆ ತರದೆ) ಬಳಸಿದ್ದಾಗಿತ್ತು. ಆದ್ದರಿಂದ 200 ಮಿಲಿಮೋಲಾರ್ ದ್ರಾವಣದ ಪಿಎಚ್ ಅನ್ನು 10ಕ್ಕೆ ತಂದು, ಹಳದಿ ಬಣ್ಣ ಪೂರ್ತಿ ಹೋಗುವವರೆಗೆ ಕುದಿಸಿ, ಕೋಣೆಯ ಉಷ್ಣಾಂಶಕ್ಕೆ ತಣಿಸಿ, ಮತ್ತೆ 10ಕ್ಕೆ ಸರಿಪಡಿಸಿದೆ. ದ್ರಾವಣ ಬಣ್ಣವಿಲ್ಲದೆ, ಪಿಎಚ್ 10ರಲ್ಲೇ ನಿಲ್ಲುವವರೆಗೆ ಇದನ್ನು ಮರುಕಳಿಸಿ, ಸಣ್ಣ ಪಾಲುಗಳಾಗಿ ಮೈನಸ್ 20 ಡಿಗ್ರಿಯಲ್ಲಿಟ್ಟೆ. ಕೋಶ ಒಡೆಯುವ ಬಫರ್‌ಗೆ ಮಾತ್ರವಲ್ಲ, ಅದಕ್ಕೂ ಮುಂಚಿನ ತಣ್ಣನೆಯ ಪಿಬಿಎಸ್ (ಉಪ್ಪಿನ ಬಫರ್) ತೊಳೆತಕ್ಕೂ 1 ಮಿಲಿಮೋಲಾರ್‌ನಂತೆ ಬೆರೆಸಿದೆ; ವನಡೇಟನ್ನು ನಿಷ್ಕ್ರಿಯಗೊಳಿಸುವ ಇಡಿಟಿಎ, ಡಿಟಿಟಿ ಎಂಬ ರಾಸಾಯನಿಕಗಳನ್ನು ಬಫರ್‌ನಿಂದ ಕೈಬಿಟ್ಟೆ.

ಎರಡೂ ಪಟ್ಟಿಗಳು ಮೂಡಿದವು. ಗ್ರಬ್-2ರ ತೂಕ ಪ್ರತಿಕಾಯದ ಹಗುರ ಸರಪಳಿಯಂತೆಯೇ ಸುಮಾರು 25 ಕಿಲೋಡಾಲ್ಟನ್ ಆದುದರಿಂದ, ಆ ಸರಪಳಿ ಗ್ರಬ್-2ರ ಪಟ್ಟಿಯನ್ನು ಮರೆಮಾಡದಂತೆ ಸೆಳೆಯಲು ಇಲಿಯ ಪ್ರತಿಕಾಯ, ಗುರುತಿಸಲು ಮೊಲದ ಪ್ರತಿಕಾಯ ಬಳಸಬೇಕು.