ಭಾಷೆ ಬಾರದ ಊರಲ್ಲಿ ಗೆಳೆಯರು ಸಿಗೋದು ಹೇಗೆ?

ಬಸ್ಸಲ್ಲಿ ಕಂಡಕ್ಟರ್ ಜತೆ ಕನ್ನಡ, ಸೊಪ್ಪಿನ ಗಾಡಿಯವರ ಜತೆ ತಮಿಳು, ಗ್ಯಾರೇಜಿನಲ್ಲಿ ಉರ್ದು, ಆಫೀಸಿನಲ್ಲಿ ಹಿಂದಿ-ಇಂಗ್ಲಿಷ್ ಬೆರಕೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿಯೋದನ್ನು ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಆನ್‌ಲೈನ್‌ನಲ್ಲಿ ಹೊರದೇಶದ ಒಬ್ಬರು ಸಿಕ್ಕರೆ ನಮ್ಮ ಮಾತು ‘ಹಾಯ್’, ‘ಹೌ ಆರ್ ಯು’, ‘ಫೈನ್’ ಮೂರಕ್ಕೇ ಮುಗಿಯುತ್ತದೆ. ಮಾರನೇ ವಾರ ಯಾರು ಅಂತಲೇ ನೆನಪಿರುವುದಿಲ್ಲ.

ತಪ್ಪು ಇಂಗ್ಲಿಷಿನದಲ್ಲ. ಮಾತಾಡೋಕೆ ಇಬ್ಬರ ನಡುವೆ ಏನೂ ಇಲ್ಲ, ಅಷ್ಟೆ. ಹಾಗಾಗಿ ಮೊದಲು ವಿಷಯ, ಆಮೇಲೆ ಮನುಷ್ಯ. ಈ ಕ್ರಮ ಸರಿಯಾದರೆ ಅರ್ಧ ಕೆಲಸ ಆದಂತೆ.

ಮೊದಲು ನಿಮ್ಮ ಹುಚ್ಚು ಯಾವುದು ನೋಡಿಕೊಳ್ಳಿ

‘ಫ್ರೆಂಡ್ಸ್ ಬೇಕು’ ಅಂತ ಹುಡುಕುವವರಿಗೆ ಸಿಗುವುದು ತಮ್ಮಂತೆಯೇ ಬೇಜಾರಾಗಿ ಕೂತವರು. ಚೆಸ್ ಇಷ್ಟವಾ? ಲಿಚೆಸ್ ಅನ್ನೋ ವೆಬ್‌ಸೈಟಿನಲ್ಲಿ ಆಟ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಒಬ್ಬರ ಜತೆಗೇ ಮತ್ತೆ ಮತ್ತೆ ಆಡಿದರೆ ಪರಿಚಯ ತಾನಾಗಿ ಬೆಳೆಯುತ್ತದೆ. ಹೆಣಿಗೆ, ಕ್ರೋಶಾದವರಿಗೆ ರಾವೆಲ್ರಿ ಇದೆ. ಹಕ್ಕಿ ನೋಡುವವರಿಗೆ ಇ-ಬರ್ಡ್. ಗೇಮ್, ಅನಿಮೆ, ಸಂಗೀತ ಅನ್ನುವವರಿಗೆ ಡಿಸ್ಕಾರ್ಡ್‌ನಲ್ಲಿ ಒಂದೊಂದಕ್ಕೂ ಗುಂಪುಗಳಿವೆ.

ನನ್ನ ಮೆಚ್ಚಿನದು ಐನ್ಯಾಚುರಲಿಸ್ಟ್. ಗಿಡ, ಹುಳು, ಚಿಟ್ಟೆಯ ಫೋಟೊ ಹಾಕಿದರೆ ಯಾವುದೋ ದೇಶದಲ್ಲಿ ಕೂತವರು ಅದರ ಹೆಸರು ಹೇಳುತ್ತಾರೆ. ನಿಮ್ಮ ಬಾಲ್ಕನಿಯ ಕುಂಡದಲ್ಲಿ ಕರಿಬೇವು ಇದ್ದರೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಸಣ್ಣ ಹುಳು ನೋಡಿರುತ್ತೀರಿ. ಆಮೇಲೆ ಅದು ಹಸಿರಾಗಿ ದಪ್ಪಗಾಗುತ್ತದೆ. ಕೀಟ ಅಂತ ಕಿತ್ತೆಸೆಯಬೇಡಿ. ಹೆಚ್ಚಾಗಿ ಅದು ಕಾಮನ್ ಮಾರ್ಮನ್ ಅನ್ನೋ ಕಪ್ಪು ಚಿಟ್ಟೆಯ ಮರಿ. ಇದೇ ಚಿಟ್ಟೆ ಥಾಯ್ಲೆಂಡ್, ತೈವಾನ್, ಜಪಾನಿನ ದಕ್ಷಿಣದ ದ್ವೀಪಗಳಲ್ಲೂ ಇದೆ. ಅಂದರೆ ಒಕಿನಾವಾದಲ್ಲಿ ಯಾರದೋ ನಿಂಬೆ ಗಿಡವನ್ನೂ ಇದು ತಿನ್ನುತ್ತಿರುತ್ತದೆ. ಮಾತಿಗೆ ಇನ್ನೇನು ಬೇಕು?

ಭಾಷೆ ಕಲಿಯೋದೇ ನಿಮ್ಮ ಆಸೆಯಾದರೆ ಟ್ಯಾಂಡೆಮ್ ಥರದ ಆ್ಯಪ್ ನೋಡಿ. ಅಲ್ಲಿ ಲೆಕ್ಕ ಸರಳ: ಅರ್ಧ ಗಂಟೆ ನಿಮ್ಮ ಭಾಷೆ, ಅರ್ಧ ಗಂಟೆ ಅವರದು. ನಮ್ಮ ಹತ್ತಿರ ಕೊಡೋಕೆ ಏನಿದೆ ಅಂತ ಹಿಂಜರಿಯಬೇಡಿ. ಜಪಾನ್, ಬ್ರೆಜಿಲ್ ಕಡೆ ಇಂಗ್ಲಿಷ್ ಮಾತಾಡಿ ಅಭ್ಯಾಸ ಮಾಡಿಕೊಳ್ಳಬೇಕು ಅನ್ನುವವರು ಬಹಳ. ನಿಮ್ಮ ಇಂಗ್ಲಿಷೂ ಅಷ್ಟಕ್ಕಷ್ಟೇ ಆಗಿದ್ದರೆ ಇನ್ನೂ ಒಳ್ಳೆಯದು, ಅವರಿಗೆ ನಾಚಿಕೆ ಇರಲ್ಲ. ಹೊರದೇಶದವರೇ ಆಗಬೇಕೆಂದೂ ಇಲ್ಲ. ಇಂಫಾಲದವರೋ ಭುವನೇಶ್ವರದವರೋ ಬೆಂಗಳೂರಿಗೆ ಬರುವ ಮುಂಚೆ ನಾಲ್ಕು ಮಾತು ಕನ್ನಡ ಕಲಿಯಬೇಕು ಅಂದುಕೊಂಡಿರುತ್ತಾರೆ.

ಅವಸರ ಇಲ್ಲದವರಿಗೆ ಇನ್ನೆರಡು ದಾರಿ. ‘ಸ್ಲೋಲಿ’ ಅನ್ನೋ ಆ್ಯಪ್‌ನಲ್ಲಿ ಪತ್ರ ಬರೆದರೆ ಅದು ತಕ್ಷಣ ತಲುಪಲ್ಲ. ಊರು ಎಷ್ಟು ದೂರವೋ ಅಷ್ಟು ಹೊತ್ತು ಹಿಡಿಯುತ್ತದೆ. ಇನ್ನೊಂದು 2005ರಲ್ಲಿ ಪೋರ್ಚುಗಲ್‌ನಲ್ಲಿ ಶುರುವಾದ ಪೋಸ್ಟ್‌ಕ್ರಾಸಿಂಗ್ ಅನ್ನೋ ವೆಬ್‌ಸೈಟ್. ಅಲ್ಲಿ ಒಬ್ಬರ ವಿಳಾಸ ಕೇಳಿ ಪಡೆಯಿರಿ, ನಿಜವಾದ ಕಾರ್ಡು ಅಂಚೆಗೆ ಹಾಕಿ. ಅದು ತಲುಪಿದ ಮೇಲೆ ಇನ್ಯಾರಿಂದಲೋ ನಿಮಗೊಂದು ಕಾರ್ಡು. ನೀವು ಬರೆದವರೇ ತಿರುಗಿ ಬರೆಯುತ್ತಾರೆ ಅಂತ ಕಾಯಬೇಡಿ, ಅದರ ಪದ್ಧತಿ ಹಾಗಲ್ಲ. ಹೊಸಬರು ಒಂದು ಸಲಕ್ಕೆ 5 ಕಾರ್ಡು ಕಳಿಸಬಹುದು. ನಿಮ್ಮ ಮನೆ ವಿಳಾಸ ಗೊತ್ತಿಲ್ಲದವರ ಕೈಗೆ ಹೋಗುತ್ತದೆ ಅನ್ನೋದು ಮಾತ್ರ ನೆನಪಿರಲಿ.

ಮೊದಲ ಮೆಸೇಜ್

‘ಹಾಯ್ ಡಿಯರ್, ಐ ಆಮ್ ಫ್ರಮ್ ಇಂಡಿಯಾ, ವಿಲ್ ಯು ಬಿ ಮೈ ಫ್ರೆಂಡ್?’ ಇದನ್ನು ದಯವಿಟ್ಟು ಕಳಿಸಬೇಡಿ. ಅದರಲ್ಲೂ ಗಂಡುಮಕ್ಕಳಿಗೆ ಒಂದು ಮಾತು: ಹೊರದೇಶದ ಹೆಣ್ಣುಮಕ್ಕಳ ಇನ್‌ಬಾಕ್ಸಿನಲ್ಲಿ ನಮ್ಮ ಕಡೆಯ ‘ಡಿಯರ್’ಗಳು ಈಗಾಗಲೇ ಜಾಸ್ತಿ ಇವೆ. ನಿಮ್ಮದೂ ಆ ರಾಶಿಗೇ ಸೇರುತ್ತದೆ.

ಬದಲಿಗೆ ಹೀಗೆ ಬರೆಯಿರಿ: ‘ನೀವು ಹಾಕಿದ ಕಪ್ಪು ಚಿಟ್ಟೆ ನಮ್ಮ ಮನೆಯ ಕರಿಬೇವಿನ ಗಿಡಕ್ಕೂ ಬರುತ್ತದೆ. ನಿಮ್ಮಲ್ಲಿ ಅದರ ಮರಿ ಯಾವ ಎಲೆ ತಿನ್ನುತ್ತದೆ? ಇದು ಇವತ್ತು ಬೆಳಿಗ್ಗೆ ತೆಗೆದ ಫೋಟೊ.’ ಮೂರು ವಾಕ್ಯ. ಅವರ ಫೋಟೊ ನೋಡಿದ್ದೀರಿ ಅಂತ ಗೊತ್ತಾಗುತ್ತದೆ, ಉತ್ತರ ಹೇಳೋದೂ ಸುಲಭ. ವಾರ ಕಾದರೂ ಉತ್ತರ ಬರದಿದ್ದರೆ ಸುಮ್ನೆ ಬಿಟ್ಟುಬಿಡಿ. ‘ವೈ ನೋ ರಿಪ್ಲೈ’ ಬೇಡ.

ಹೆಸರಿನ ವಿಷಯವನ್ನೂ ಆಗಲೇ ಮುಗಿಸಿಬಿಡಿ. ನಮ್ಮ ಇನಿಷಿಯಲ್‌ನಲ್ಲಿ ಊರು, ಅಪ್ಪನ ಹೆಸರು ಎರಡೂ ಇರುತ್ತವೆ. ಫಾರ್ಮ್‌ನ ಸರ್‌ನೇಮ್ ಜಾಗದಲ್ಲಿ ಅದನ್ನು ತುಂಬಿದರೆ ಅವರು ನಿಮ್ಮನ್ನು ನಿಮ್ಮ ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಅತ್ತ ಜಪಾನ್, ಕೊರಿಯಾ, ಹಂಗೇರಿಯವರು ಮನೆತನದ ಹೆಸರನ್ನೇ ಮೊದಲು ಬರೆಯುತ್ತಾರೆ. ‘ಏನಂತ ಕರೀಲಿ?’ ಅಂತ ಕೇಳುವುದೇ ಸಲೀಸು.

ಅನುವಾದದ ಆ್ಯಪ್‌ಗೆ ತಕ್ಕ ಕನ್ನಡ

ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದು ನಗಿಸುತ್ತಿತ್ತು, ಈಗ ಕೆಲಸಕ್ಕೆ ಬರುತ್ತದೆ. ಆದರೆ ನಾವು ಮನೆಯಲ್ಲಿ ಆಡುವಂತೆ ಬರೆದರೆ ಅದಕ್ಕೆ ಗೊಂದಲ. ‘ಬರ್ತೀನಿ ಅಂದ್ರು, ಬರ್ಲೇ ಇಲ್ಲ’ ಅಂದರೆ ನಮಗೆ ಸರಿ. ಯಂತ್ರಕ್ಕೆ ಯಾರು ಅಂದದ್ದು ಅಂತ ಗೊತ್ತಾಗಲ್ಲ. ‘ಅಪ್ಪ ಬರುತ್ತೇನೆ ಎಂದು ಹೇಳಿದರು. ಅಪ್ಪ ಬರಲಿಲ್ಲ’ ಅಂತ ಬಿಡಿಸಿ ಬರೆಯಿರಿ. ಗೌರವಕ್ಕೆ ‘ಅವರು’ ಅಂದರೆ ಒಬ್ಬ ಅಪ್ಪ ನಾಲ್ಕು ಜನ ಆಗಿಬಿಡಬಹುದು. ‘ಹಬ್ಬಕ್ಕೆ ಮನೆಯಲ್ಲಿ ಗಲಾಟೆಯೋ ಗಲಾಟೆ’ ಅಂತ ನೀವು ಖುಷಿಯಿಂದ ಬರೆದದ್ದನ್ನು ಅದು ದೊಂಬಿ ಅಂತ ಹೇಳಿದರೆ ಪಾಪ ಅವರು ಗಾಬರಿ ಬೀಳುತ್ತಾರೆ.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಬಂದ ಅನುವಾದವನ್ನು ತಿರುಗಿ ಕನ್ನಡಕ್ಕೆ ಹಾಕಿ ನೋಡಿ. ನೀವು ಹೇಳಿದ್ದೇ ಬಂದರೆ ಕಳಿಸಿ, ಇಲ್ಲವಾದರೆ ವಾಕ್ಯ ಒಡೆದು ಬರೆಯಿರಿ. ದಿನಾಂಕಕ್ಕೆ 03/04 ಅಂತ ಹಾಕಬೇಡಿ, ಅಮೆರಿಕದವರಿಗೆ ಅದು ಮಾರ್ಚ್ 4. ತಿಂಗಳ ಹೆಸರು ಬರೆದರೆ ತಂಟೆ ಇಲ್ಲ. ಮಾತಿನ ನಡುವೆ ಥಾಯ್ ಗೆಳತಿ ಸುಮ್ಮನೆ 555 ಅಂತ ಕಳಿಸಿದರೆ ಅದು ಫೋನ್ ನಂಬರೂ ಅಲ್ಲ, ರೇಟೂ ಅಲ್ಲ. ಅವರಲ್ಲಿ ಐದು ಅಂದರೆ ‘ಹಾ’, ಅವರು ನಗುತ್ತಿದ್ದಾರೆ.

ಸ್ವಲ್ಪ ಪರಿಚಯ ಆದಮೇಲೆ ವಾಯ್ಸ್ ಮೆಸೇಜ್ ಶುರು ಮಾಡಿ. ಹಿಂದೆ ಕುಕ್ಕರ್ ಕೂಗಿದರೂ ಪರವಾಗಿಲ್ಲ, ಅದರಿಂದಲೇ ಎರಡು ಮಾತು ಜಾಸ್ತಿ ಆಗುತ್ತದೆ.

ಯಾವಾಗ, ಯಾವ ಆ್ಯಪ್‌ನಲ್ಲಿ?

ನಮ್ಮ ರಾತ್ರಿ 9 ಗಂಟೆ ಅಂದರೆ ಟೋಕಿಯೊದಲ್ಲಿ ನಡುರಾತ್ರಿ 12.30. ಸಾವೊ ಪೌಲೊದಲ್ಲಿ ಮಧ್ಯಾಹ್ನ 12.30. ಬರ್ಲಿನ್‌ನಲ್ಲಿ ಬೇಸಿಗೆಯಾದರೆ ಸಂಜೆ 5.30, ಚಳಿಗಾಲದಲ್ಲಿ 4.30. ಅವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಹಾಗಾಗಿ ಜಪಾನಿನವರಿಗೆ ನಮ್ಮ ಸಂಜೆ, ಬ್ರೆಜಿಲ್‌ನವರಿಗೆ ನಮ್ಮ ರಾತ್ರಿ ಅಂತ ಇಟ್ಟುಕೊಳ್ಳಿ.

ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲಿ ಇರುತ್ತಾರೆ ಅನ್ನೋದು ನಮ್ಮ ಭ್ರಮೆ. ಬ್ರೆಜಿಲ್‌ನವರು ಇರುತ್ತಾರೆ. ಜಪಾನಿನವರು ಲೈನ್, ಕೊರಿಯಾದವರು ಕಾಕಾವೊಟಾಕ್, ವಿಯೆಟ್ನಾಮಿನವರು ಝಾಲೊ ಬಳಸುತ್ತಾರೆ. ಚೀನಾದವರ ಜತೆ ಕಷ್ಟ: ಅಲ್ಲಿ ವಾಟ್ಸ್‌ಆ್ಯಪ್ ನಡೆಯಲ್ಲ, ಅವರ ವೀಚಾಟ್ ಅನ್ನು ನಮ್ಮ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿದೆ. ಇಮೇಲೇ ಗತಿ.

ದೊಡ್ಡ ಸಂಸ್ಕೃತಿ ಬಿಡಿ, ಕಡಲೆಕಾಯಿ ತೋರಿಸಿ

ಪರಿಚಯ ಆದ ಕೂಡಲೇ ನಮ್ಮವರು ತಾಜ್‌ಮಹಲ್, ಯೋಗ, ಹಂಪಿ ಅಂತ ಶುರು ಮಾಡುತ್ತಾರೆ. ಅದೆಲ್ಲ ಅವರಿಗೆ ಎಲ್ಲಾದರೂ ಸಿಗುತ್ತದೆ. ನಿಮ್ಮ ಬೀದಿ ಸಿಗುವುದು ನಿಮ್ಮಿಂದ ಮಾತ್ರ.

ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುತ್ತೀರಲ್ಲ, ರಸ್ತೆ ಬದಿಯ ರಾಶಿಗಳನ್ನು ವಿಡಿಯೊ ಮಾಡಿ ಒಬ್ಬ ಬ್ರೆಜಿಲ್ ಗೆಳೆಯನಿಗೆ ಕಳಿಸಿ. ಹಸಿಯದ್ದು, ಹುರಿದದ್ದು, ಬೇಯಿಸಿದ್ದು, ಸೇರಿನಲ್ಲಿ ಅಳೆಯೋದು ಎಲ್ಲ ಬರಲಿ. ಬೆಳೆ ತಿನ್ನುತ್ತಿದ್ದ ಬಸವನಿಗೆ ರೈತರು ಮೊದಲ ಫಸಲು ಒಪ್ಪಿಸುವ ಕತೆಯನ್ನೂ ಹೇಳಿ. ಆಮೇಲೆ ಅವರಿಂದ ಬರುವ ಉತ್ತರಕ್ಕೆ ತಯಾರಾಗಿರಿ. ಯಾಕೆಂದರೆ ಕಡಲೆಕಾಯಿ ಮೂಲದಲ್ಲಿ ಅವರ ಖಂಡದ್ದು. ದಕ್ಷಿಣ ಅಮೆರಿಕದಿಂದ ಹೊರಟು ಲೋಕ ಸುತ್ತಿ ಬಸವಣ್ಣನ ಮುಂದೆ ಬಂದು ಬಿದ್ದಿದೆ. ಅವರಲ್ಲಿ ಜೂನ್ ತಿಂಗಳಲ್ಲಿ ಬೆಂಕಿ ಹಾಕಿ ಕುಣಿಯುವ ಹಬ್ಬಗಳಿವೆ. ಆಗ ಪೆ-ದೆ-ಮೊಲೆಕೆ ಅನ್ನೋ ತಿಂಡಿ ಮಾಡುತ್ತಾರೆ. ಫೋಟೊ ನೋಡಿದರೆ ನೀವು ಚಿಕ್ಕಿ ಅಂತಲೇ ಹೇಳುತ್ತೀರಿ: ಅದೇ ಕಡಲೆಬೀಜ, ಅದೇ ಬೆಲ್ಲ. ಪಸೋಕಾ ಅಂತ ಇನ್ನೊಂದಿದೆ, ಪುಡಿ ಮಾಡಿ ಸಕ್ಕರೆ, ಚೂರು ಉಪ್ಪು ಹಾಕಿ ಒತ್ತಿದ್ದು. ಒಂದು ಭಾನುವಾರ ಇಬ್ಬರೂ ವಿಡಿಯೊ ಕಾಲ್‌ನಲ್ಲಿ ಪಾಕ ಹಿಡಿಯಿರಿ. ಎಳೆ ಪಾಕವೋ ಉಂಡೆ ಪಾಕವೋ ಅಂತ ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ತೋರಿಸೋದಕ್ಕೆ ವ್ಯಾಕರಣ ಬೇಕಿಲ್ಲ.

‘ನೀನು ಇಂಡಿಯನ್ ಭಾಷೆ ಮಾತಾಡ್ತೀಯಾ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಿಟ್ಟಾಗಬೇಡಿ, ಭಾಷಣವನ್ನೂ ಮಾಡಬೇಡಿ. ಪರ್ಸಿನಿಂದ ಒಂದು ನೋಟು ತೆಗೆದು ಹಿಂಬದಿಯ ಫೋಟೊ ಕಳಿಸಿ. ಪಟ್ಟಿಯಲ್ಲಿ 15 ಭಾಷೆಗಳಿವೆ, ಮೇಲಿನಿಂದ ನಾಲ್ಕನೆಯದು ಕನ್ನಡ. ಹಿಂದಿ, ಇಂಗ್ಲಿಷ್ ಆ ಪಟ್ಟಿಯ ಹೊರಗೆ ಬೇರೆ ಇವೆ.

ಎಡವುವ ಜಾಗಗಳು

ನಮಗೆ ‘ಆಗಲ್ಲ’ ಅನ್ನೋಕೆ ಬಾಯಿ ಬರಲ್ಲ. ‘ನೋಡೋಣ’, ‘ಟ್ರೈ ಮಾಡ್ತೀನಿ’ ಅಂತೀವಿ. ಎದುರಿಗಿರುವವರು ಕನ್ನಡಿಗರಾದರೆ ಅರ್ಥ ಆಗುತ್ತದೆ, ಜಪಾನಿನವರಿಗೂ ಸಾಮಾನ್ಯವಾಗಿ ಅರ್ಥ ಆಗುತ್ತದೆ, ಅವರೂ ಹಾಗೇ. ಜರ್ಮನ್ ಗೆಳೆಯನಿಗೆ ಹಾಗಂದರೆ ಅವನು ಶನಿವಾರ ಸಂಜೆ ಕಂಪ್ಯೂಟರ್ ಮುಂದೆ ಕಾಯುತ್ತಾ ಕೂರಬಹುದು. ಅವನಿಗೆ ‘ಈ ವಾರ ಆಗಲ್ಲ, ಮುಂದಿನ ಶನಿವಾರ ಸಿಗೋಣ’ ಅಂತ ನೇರ ಹೇಳಿ. ಅವನೂ ನಿಮಗೆ ನೇರವಾಗಿ ‘ಬೇಡ’ ಅಂದರೆ ಮುನಿಸಿಕೊಳ್ಳಬೇಡಿ.

ಮದುವೆ, ಸಂಬಳ, ಮಕ್ಕಳು ಯಾಕಿಲ್ಲ ಅನ್ನೋದು ನಮ್ಮಲ್ಲಿ ಆತ್ಮೀಯತೆ. ಯುರೋಪಿನವರಿಗೆ ಅದು ವಿಚಾರಣೆ. ಆದರೆ ಕೊರಿಯಾದವರೇ ಮೊದಲ ದಿನ ನಿಮ್ಮ ವಯಸ್ಸು ಕೇಳಬಹುದು. ಹಿರಿಯರೋ ಕಿರಿಯರೋ ಅಂತ ತಿಳಿಯದೆ ಅವರಿಗೆ ಹೇಗೆ ಮಾತಾಡಬೇಕು ಅನ್ನೋದೇ ತೋಚಲ್ಲ. ನೀವು-ನೀನು ಇಟ್ಟುಕೊಂಡಿರುವ ನಮಗೆ ಇದು ಹೊಸದಲ್ಲ. ಇನ್ನು ಊಟ. ಅವರ ತಟ್ಟೆಯಲ್ಲಿ ಏನೇ ಇರಲಿ, ‘ಇಶ್ಶೀ’ ಅನ್ನೋದು ಸ್ಪೀಕರ್‌ನಲ್ಲಿ ಚೆನ್ನಾಗಿ ಕೇಳಿಸುತ್ತದೆ. ‘ನಾವು ತಿನ್ನಲ್ಲ, ಹೇಗೆ ಮಾಡ್ತೀರಿ ಹೇಳಿ’ ಅಂದರೆ ಸಾಕು.

ದುಡ್ಡಿನ ಮಾತು ಬಂದರೆ

ಇದೊಂದನ್ನು ಮನೆಯಲ್ಲಿರುವ ಹಿರಿಯರಿಗೂ ಓದಿ ಹೇಳಿ. ‘ಲಂಡನ್ ಡಾಕ್ಟರ್’ ಒಬ್ಬರು ವಾರಗಟ್ಟಲೆ ಸಿಹಿಯಾಗಿ ಮಾತಾಡುತ್ತಾರೆ. ಆಮೇಲೆ ಚಿನ್ನ, ಐಫೋನ್ ತುಂಬಿದ ಪಾರ್ಸೆಲ್‌ನ ಫೋಟೊ ಬರುತ್ತದೆ. ಎರಡು ದಿನಕ್ಕೆ ‘ದಿಲ್ಲಿ ಏರ್‌ಪೋರ್ಟ್ ಕಸ್ಟಮ್ಸ್’ನಿಂದ ಫೋನು: ಸುಂಕ ಕಟ್ಟಿ, ಇಲ್ಲವಾದರೆ ಕೇಸು. ಪಾರ್ಸೆಲ್ಲೂ ಇಲ್ಲ, ಡಾಕ್ಟರೂ ಇಲ್ಲ. ಕಸ್ಟಮ್ಸ್‌ನವರು ಫೋನ್ ಮಾಡಿ ಯಾರದೋ ಖಾತೆಗೆ ದುಡ್ಡು ಹಾಕಿ ಅನ್ನುವುದಿಲ್ಲ. ಕ್ರಿಪ್ಟೊ, ಟ್ರೇಡಿಂಗ್ ಹೇಳಿಕೊಡುವ ಸ್ನೇಹಿತೆಯೂ ಇದೇ ಮನೆಯವಳು. ಪರಿಚಯವಾದ ಕೂಡಲೇ ಕ್ಯಾಮೆರಾ ಮುಂದೆ ಬಟ್ಟೆ ಬಿಚ್ಚು ಅನ್ನುವವರು ರೆಕಾರ್ಡ್ ಮಾಡಿ ಬೆದರಿಸಲೆಂದೇ ಕೂತವರು.

ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ಖಾತೆಯಿಂದ ಖಾತೆಗೆ ಓಡುವ ಮುಂಚೆ ತಡೆಯುವ ಸಾಧ್ಯತೆ ಹೆಚ್ಚು. ಚಾಟ್ ಅಳಿಸಬೇಡಿ, ದೂರಿಗೆ ಅದೇ ಸಾಕ್ಷಿ. ಮಕ್ಕಳು ಹೊರಗಿನವರ ಜತೆ ಮಾತಾಡುವುದಾದರೆ ಹಾಲ್‌ನಲ್ಲಿ ಕೂತು ಮಾತಾಡಲಿ.

ಅವರು ಊರಿಗೆ ಬಂದರೆ

ಮೊದಲ ಭೇಟಿ ಲಾಲ್‌ಬಾಗ್‌ನಲ್ಲೋ ಕಬ್ಬನ್ ಪಾರ್ಕಿನಲ್ಲೋ ಇರಲಿ, ಬೆಳಕಿರುವಾಗಲೇ. ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ನಂಬಿಕೆ ಬಂದು ಮನೆಯಲ್ಲೇ ಉಳಿಸಿಕೊಳ್ಳುವುದಾದರೆ ಒಂದು ಸರ್ಕಾರಿ ಕೆಲಸ ಇದೆ: ವಿದೇಶಿಯರು ತಂಗಿದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಪಾಸ್‌ಪೋರ್ಟ್, ವೀಸಾ ವಿವರ ಕೇಳುತ್ತದೆ. ಅವರು ವಿಮಾನ ಹತ್ತುವ ಮುಂಚೆಯೇ ಎರಡರ ಪ್ರತಿ ತರಿಸಿಕೊಂಡು ನಿಮ್ಮ ಲಾಗಿನ್ ಮಾಡಿಟ್ಟುಕೊಳ್ಳಿ.