ಆ್ಯಕ್ಟಿವ್ ಬೇಸ್ ಗಿಟಾರನ್ನು ಊರೂರಿಗೆ ಒಯ್ಯುವವರಿಗೆ

ಆ್ಯಕ್ಟಿವ್ ಬೇಸ್ ಎಂದರೆ ಒಳಗೆ ಬ್ಯಾಟರಿಯಿಂದ ನಡೆಯುವ ಪ್ರಿಆ್ಯಂಪ್ (ಸಿಗ್ನಲ್ಲನ್ನು ಬಲಪಡಿಸಿ ಹೊಂದಿಸುವ ಸಣ್ಣ ಸರ್ಕಿಟ್) ಇರುವ ಬೇಸ್ ಗಿಟಾರ್. ಲಕ್ಷಗಟ್ಟಲೆ ಕೊಟ್ಟು ತಂದ ಅಂಥ ವಾದ್ಯ ವೇದಿಕೆಯ ಮೇಲೆ ದಿಢೀರನೆ ಸುಮ್ಮನಾದರೆ, ತಪ್ಪು ಅದರ ಮರದ್ದೋ ತಂತಿಯ ಕಂಪನ ಹಿಡಿಯುವ ಪಿಕಪ್ಪಿನದ್ದೋ ಆಗಿರುವುದು ಅಪರೂಪ. ಮುಗಿದ ಬ್ಯಾಟರಿ, ಸಡಿಲಾದ ಜ್ಯಾಕ್ (ವೈರ್ ಸಿಕ್ಕಿಸುವ ತೂತು) ನಟ್ಟು, ಬ್ಯಾಟರಿ ಕ್ಲಿಪ್ಪಿನ ಬುಡದಲ್ಲಿ ತುಂಡಾದ ಸಣ್ಣ ವೈರು: ಹೆಚ್ಚಿನ ಸಲ ಈ ಮೂರರಲ್ಲೊಂದು. ಅಂದರೆ ಇಡೀ ವಾದ್ಯದಲ್ಲಿ ತೀರ ಅಗ್ಗದ ಭಾಗಗಳು. ಕಿತ್ತೂರು ಉತ್ಸವಕ್ಕೋ, ಚಾಲುಕ್ಯ ಉತ್ಸವಕ್ಕೋ, ನವರಸಪುರ ಉತ್ಸವಕ್ಕೋ, ಊರ ಜಾತ್ರೆಯ ರಸಮಂಜರಿಗೋ ಹೊರಡುವವರು ಪಾಲಿಶ್ ಬಟ್ಟೆ ಹುಡುಕುವ ಮೊದಲು ಇವನ್ನು ನೋಡಿಕೊಳ್ಳಬೇಕು.

ಮೊದಲ ಪರೀಕ್ಷೆ ಮನೆಯಲ್ಲೇ. ಬ್ಯಾಟರಿ ತೆಗೆದಿಟ್ಟು ಬೇಸನ್ನು ಆ್ಯಂಪಿಗೆ ಸಿಕ್ಕಿಸಿ, ನುಡಿಸಿ. ಕೆಲವು ಬೇಸ್‌ಗಳಲ್ಲಿ ಪ್ಯಾಸಿವ್‌ಗೆ, ಅಂದರೆ ಬ್ಯಾಟರಿಯಿಲ್ಲದೆ ನುಡಿಯುವ ಬಗೆಗೆ, ಹೊರಳಿಸುವ ಸಣ್ಣ ಸ್ವಿಚ್ ಇರುತ್ತದೆ, ಇಲ್ಲವೇ ವಾಲ್ಯೂಮ್ ಗುಂಡಿಯನ್ನು ಮೇಲಕ್ಕೆ ಎಳೆದರೆ ಪ್ರಿಆ್ಯಂಪ್ ಬದಿಗೆ ಸರಿಯುತ್ತದೆ. ಆಗ ಬೇಸ್, ಟ್ರೆಬಲ್ ಗುಂಡಿಗಳು ಕೆಲಸ ಮಾಡುವುದಿಲ್ಲ, ಸದ್ದು ತುಸು ತಗ್ಗುತ್ತದೆ, ಆದರೆ ಹಾಡು ನಿಲ್ಲುವುದಿಲ್ಲ. ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ, ಇಎಂಜಿ ಕಂಪನಿಯ ಆ್ಯಕ್ಟಿವ್ ಪಿಕಪ್ ಹಾಕಿದ ಬೇಸ್‌ಗಳಿಗೆ ಈ ಅನುಕೂಲವಿಲ್ಲ. ಬ್ಯಾಟರಿ ಹೋಯಿತೆಂದರೆ ಪೂರ್ತಿ ಮೌನ. ನಿಮ್ಮದು ಯಾವ ಬಗೆ ಎಂಬುದು ಮೊದಲೇ ಗೊತ್ತಿದ್ದರೆ ಕತ್ತಲ ವೇದಿಕೆಯಲ್ಲಿ ಸ್ವಿಚ್ ತಡಕಾಡುವ ಪ್ರಸಂಗ ಬರುವುದಿಲ್ಲ.

ಬ್ಯಾಟರಿ

ಸಾಮಾನ್ಯ ಪ್ರಿಆ್ಯಂಪ್ ಎಳೆಯುವುದು ಹೆಚ್ಚುಕಡಿಮೆ 1 ಮಿಲಿಆಂಪಿಯರ್. ಒಳ್ಳೆಯ 9 ವೋಲ್ಟ್ ಅಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪಿಯರ್-ಅವರ್ ಇರುತ್ತದೆ. ಈ ಲೆಕ್ಕದಲ್ಲಿ ನೂರಾರು ಗಂಟೆ ನುಡಿಸಬಹುದು. ಹಾಗಿದ್ದೂ ಬ್ಯಾಟರಿ ಬೇಗ ಮುಗಿಯುವುದು ನುಡಿಸಿದ್ದರಿಂದಲ್ಲ, ವೈರ್ ಕಿತ್ತಿಡದೇ ಇದ್ದುದರಿಂದ. ಆ್ಯಕ್ಟಿವ್ ಬೇಸಿನಲ್ಲಿ ಆನ್-ಆಫ್ ಸ್ವಿಚ್ ಎಂದರೆ ಜ್ಯಾಕೇ. ಅದರೊಳಗೆ ಮೂರು ಸಂಪರ್ಕಗಳಿವೆ. ಪಿನ್ ಒಳಹೋದಾಗ ಅದರ ಲೋಹದ ಮೈ ಎರಡನ್ನು ಕೂಡಿಸಿ ಬ್ಯಾಟರಿಯ ಮೈನಸ್ಸನ್ನು ಗ್ರೌಂಡಿಗೆ ಸೇರಿಸುತ್ತದೆ. ವಾಲ್ಯೂಮ್ ಸೊನ್ನೆಗೆ ತಂದರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ವೈರ್‌ಲೆಸ್ ಬಳಸುವವರು ಟ್ರಾನ್ಸ್‌ಮಿಟರ್ ಬಿಚ್ಚಿಕೊಂಡು ಅದರ ಗಿಡ್ಡ ವೈರನ್ನು ಜ್ಯಾಕಿನಲ್ಲೇ ಬಿಟ್ಟು ಚೀಲಕ್ಕೆ ತುರುಕುತ್ತಾರೆ. ಮೂರು ವಾರ ಬಿಟ್ಟು ಮುಂದಿನ ಕಾರ್ಯಕ್ರಮಕ್ಕೆ ತೆಗೆದರೆ ಒಳಗೆ ಏನೂ ಉಳಿದಿರುವುದಿಲ್ಲ.

ಕೊಳ್ಳುವಾಗ ಮೇಲಿನ ಬಣ್ಣ ನೋಡಬೇಡಿ, ಕೋಡ್ ಓದಿ. 6ಎಫ್22 ಎಂದಿದ್ದರೆ ಜಿಂಕ್-ಕಾರ್ಬನ್, 6ಎಲ್‌ಆರ್61 ಎಂದಿದ್ದರೆ ಅಲ್ಕಲೈನ್. ಕಾರ್ಡ್‌ಲೆಸ್ ಮೈಕಿಗೆಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೊಡುವುದು ಹೆಚ್ಚಾಗಿ ಮೊದಲನೆಯದೇ. ಅದರ ಶಕ್ತಿ ಕಡಿಮೆ, ಮೇಲಾಗಿ ಹಳತಾದರೆ ಸೋರಿ ಸಂಪರ್ಕದ ತಗಡನ್ನು ತಿಂದುಹಾಕುತ್ತದೆ. ಸಣ್ಣ ಊರಿನಲ್ಲಿ ರಾತ್ರಿ ಎಂಟರ ಮೇಲೆ ಅಲ್ಕಲೈನ್ ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳದೆ ಹೊರಡುವಾಗಲೇ ನಾಲ್ಕು ಕೊಂಡು ಇಟ್ಟುಕೊಳ್ಳಿ. ಮಲ್ಟಿಮೀಟರಿನಲ್ಲಿ ಹೊಸ ಅಲ್ಕಲೈನ್ 9.5 ವೋಲ್ಟ್ ಆಸುಪಾಸು ತೋರಿಸುತ್ತದೆ. 8ಕ್ಕೆ ಇಳಿದದ್ದನ್ನು ಅಭ್ಯಾಸಕ್ಕೆ ಬಳಸಿ, ಕಾರ್ಯಕ್ರಮಕ್ಕೆ ಬೇಡ. ಜೋರಾಗಿ ಮೀಟಿದಾಗ ಮಾತ್ರ ಸದ್ದು ಒಡೆದಂತೆ ಕೇಳಿಸುತ್ತಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲಿರಲಿ. ಸೌಂಡ್‌ನವರ ಜೊತೆ ವಾದ ಆಮೇಲೆ.

18 ವೋಲ್ಟಿನ ಬೇಸಿನಲ್ಲಿ ಎರಡು ಬ್ಯಾಟರಿ ಒಂದರ ಬೆನ್ನಿಗೊಂದು ಇರುತ್ತವೆ. ಎರಡನ್ನೂ ಒಟ್ಟಿಗೇ ಬದಲಿಸಿ. ಹಳತು ಹೊಸತು ಬೆರೆಸಿದರೆ ಹಳತೇ ಇಡೀ ಸಾಲನ್ನು ಕೆಳಗೆ ಎಳೆಯುತ್ತದೆ. 9 ವೋಲ್ಟಿಗೆಂದೇ ಮಾಡಿದ ಪ್ರಿಆ್ಯಂಪಿಗೆ "ಸದ್ದು ದಪ್ಪ ಬರ್ತದ" ಎಂದು ಯಾರೋ ಹೇಳಿದರೆಂದು 18 ಕೊಡಬೇಡಿ. ತಯಾರಕರ ಕೈಪಿಡಿಯಲ್ಲಿ ಅನುಮತಿ ಇದ್ದರೆ ಮಾತ್ರ.

ಬ್ಯಾಟರಿಯಷ್ಟೇ ಅದರ ಮನೆಯೂ ಮುಖ್ಯ. ಮುಚ್ಚಳ ತೆರೆಯುವ ಪೆಟ್ಟಿಗೆಯ ತಳದಲ್ಲಿ ಎರಡು ತಗಡಿನ ನಾಲಿಗೆಗಳಿವೆ. ಬಸ್ಸಿನ ಕುಲುಕಾಟಕ್ಕೆ ಬ್ಯಾಟರಿ ಅಲುಗಾಡಿ ಅಲುಗಾಡಿ ಆ ನಾಲಿಗೆಗಳು ಒಳಕ್ಕೆ ಬಾಗುತ್ತವೆ, ತುದಿ ಕಪ್ಪಾಗುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿ, ಸಣ್ಣ ಸ್ಕ್ರೂಡ್ರೈವರಿನಿಂದ ಒಂದು ಮಿಲಿಮೀಟರಿನಷ್ಟು ಮೇಲೆತ್ತಿ, ಬ್ಯಾಟರಿಯ ಹಿಂದೆ ತೆಳುವಾದ ಸ್ಪಂಜಿನ ತುಂಡು ಇಡಿ. ಗುಂಡಿಯಂತೆ ಒತ್ತಿ ಕೂಡಿಸುವ ಕ್ಲಿಪ್ ಇರುವ ಬೇಸಿನಲ್ಲಿ ಕೆಂಪು-ಕಪ್ಪು ವೈರ್‌ಗಳು ಕ್ಲಿಪ್ಪಿನೊಳಗೆ ಹೋಗುವ ಜಾಗ ಎಳೆ ಬಿಡುತ್ತದೆ. ಬ್ಯಾಟರಿ ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ. ಬದಲಿ ಕ್ಲಿಪ್ ಎರಡು ಜೊತೆಯಲ್ಲಿರಲಿ. ಬೆಸೆದು ಕೊಡಲು ಟಿವಿ ರಿಪೇರಿಯವರು ಸಾಕು, ಹುಬ್ಬಳ್ಳಿಗೆ ಓಡಬೇಕಿಲ್ಲ.

ಜ್ಯಾಕಿನ ನಟ್ಟು ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ತುಸು ತುಸು ಸಡಿಲಾಗುತ್ತದೆ. ಅದನ್ನು ಹೊರಗಿನಿಂದಲೇ ಪಾನಾ ಹಾಕಿ ತಿರುಗಿಸಿದರೆ ಒಳಗೆ ಜ್ಯಾಕೂ ತಿರುಗಿ ವೈರ್ ಹುರಿಗೊಂಡು ಕಿತ್ತುಬರುತ್ತದೆ. ಹಿಂದಿನ ಮುಚ್ಚಳ ಬಿಚ್ಚಿ, ಜ್ಯಾಕನ್ನು ಒಳಗಿನಿಂದ ಬೆರಳಲ್ಲಿ ಹಿಡಿದುಕೊಂಡು ಬಿಗಿ ಮಾಡಿ. ಹಲ್ಲಿನ ವಾಷರ್ ಇಲ್ಲದಿದ್ದರೆ ಒಂದು ಹಾಕಿ. ನುಡಿಸುವಾಗ ವೈರನ್ನು ಬೆಲ್ಟಿನ ಹಿಂದಿನಿಂದ ಸುತ್ತಿ ತಂದರೆ ಯಾರಾದರೂ ತುಳಿದರೂ ಎಳೆತ ಜ್ಯಾಕಿಗೆ ಬೀಳುವುದಿಲ್ಲ. ಬೆಲ್ಟಿನ ಗುಂಡಿಯ ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ತೂತಿಗೆ ಊದುಬತ್ತಿಯ ಬಿದಿರು ಕಡ್ಡಿ ಎರಡು ಚೂರು, ಒಂದು ಹನಿ ಮರದ ಅಂಟು. ರಾತ್ರಿಯಿಡೀ ಒಣಗಲು ಬಿಟ್ಟು ಸ್ಕ್ರೂ ಹಾಕಿ.

ಹವೆ ಬದಲಾದರೆ ಕುತ್ತಿಗೆಯೂ ಬದಲಾಗುತ್ತದೆ

ಮಳೆಗಾಲದ ಬೆಳಗಾವಿಯಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಆರುವುದಿಲ್ಲ. ಏಪ್ರಿಲ್-ಮೇನಲ್ಲಿ ಬಾಗಲಕೋಟೆ, ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಮರಕ್ಕೆ ಬೇಕಾದದ್ದು ಶೇ. 45ರಿಂದ 55ರ ಆರ್ದ್ರತೆ. ಈ ಮೂರು ಜಿಲ್ಲೆಗಳಲ್ಲಿ ಸುತ್ತುವ ಬೇಸಿಗೆ ಎರಡೂ ಅತಿರೇಕಗಳು ಕಾಣಸಿಗುತ್ತವೆ. ಗ್ರ್ಯಾಫೈಟ್ ಪಟ್ಟಿ ಕೂರಿಸಿದ ದುಬಾರಿ ಕುತ್ತಿಗೆ ಕಡಿಮೆ ಅಲುಗುತ್ತದೆ ನಿಜ, ಅಲುಗುವುದೇ ಇಲ್ಲವೆಂದಲ್ಲ. ತೇವ ಹೆಚ್ಚಾದರೆ ಹೀರಿ, ಕಡಿಮೆಯಾದರೆ ಬಿಟ್ಟು ಶೇ. 49ಕ್ಕೆ ಹಿಡಿದಿಡುವ ಆರ್ದ್ರತೆ ಪೊಟ್ಟಣವನ್ನೂ ಆರ್ದ್ರತೆ ಅಳೆಯುವ ಒಂದು ಸಣ್ಣ ಹೈಗ್ರೊಮೀಟರನ್ನೂ ಕೇಸಿನೊಳಗೆ ಇಡಿ. ಊರು ತಲುಪಿದೊಡನೆ ಕೇಸ್ ತೆರೆಯದೆ ಒಂದು ತಾಸು ಕೋಣೆಯಲ್ಲಿ ಇಟ್ಟು ಆಮೇಲೆ ಶ್ರುತಿ ಮಾಡಿ.

ಕುತ್ತಿಗೆ ಯಾವ ಕಡೆ ಬಾಗಿತೆಂದು ಊಹಿಸುವುದಕ್ಕಿಂತ ಅಳೆಯುವುದು ಲೇಸು. ತಂತಿಗಳು ಸರಿಯಾದ ಶ್ರುತಿಯಲ್ಲಿರಲಿ. 1ನೇ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಕುತ್ತಿಗೆ ಮೈಗೆ ಸೇರುವಲ್ಲಿನ ಫ್ರೆಟ್ಟಿನಲ್ಲಿ ದಪ್ಪ ಇ ತಂತಿಯನ್ನು ಒತ್ತಿ ಹಿಡಿದು, 8ನೇ ಫ್ರೆಟ್ಟಿನ ತಲೆಗೂ ತಂತಿಯ ತಳಕ್ಕೂ ನಡುವಿನ ಸಂದು ನೋಡಿ. 0.3ರಿಂದ 0.4 ಮಿ.ಮೀ. ಇದ್ದರೆ ಕೈ ಹಚ್ಚಬೇಡಿ. ಇದಕ್ಕೆ ಬೇಕಾದ ಫೀಲರ್ ಗೇಜ್ ಆಟೊಮೊಬೈಲ್ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತದೆ. ಮೆಕ್ಯಾನಿಕ್‌ಗಳು ಸ್ಪಾರ್ಕ್ ಪ್ಲಗ್ ಸಂದು ನೋಡುವ ಅದೇ ಎಲೆಗಳು. ಸಂದು 0.5 ದಾಟಿದ್ದರೆ ಟ್ರಸ್ ರಾಡಿನ (ಕುತ್ತಿಗೆಯೊಳಗೆ ಹಾಯ್ದು ಅದರ ಬಾಗು ಹೊಂದಿಸುವ ಲೋಹದ ಸಲಾಕೆ) ನಟ್ಟನ್ನು ಅದಕ್ಕೆ ಎದುರಾಗಿ ನಿಂತು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿನ ಎಂಟನೇ ಒಂದು ಭಾಗ ಬಿಗಿ ಮಾಡಿ. 0.2ಕ್ಕಿಂತ ಕಡಿಮೆಯಾಗಿ ಮೊದಲ ಐದು ಫ್ರೆಟ್ಟುಗಳಲ್ಲಿ ತಂತಿ ಝರ್ರೆನ್ನುತ್ತಿದ್ದರೆ ಅಷ್ಟೇ ಸಡಿಲಿಸಿ. ಮತ್ತೆ ಶ್ರುತಿ ಮಾಡಿ, ಕೆಲವು ತಾಸು ಬಿಟ್ಟು ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಯಾವತ್ತೂ ಬೇಡ. ಝರ್ರೆನ್ನುವ ಸದ್ದು 12ನೇ ಫ್ರೆಟ್ಟಿನಿಂದ ಮೇಲೆ ಮಾತ್ರ ಇದ್ದರೆ ರಾಡಿಗೂ ಅದಕ್ಕೂ ಸಂಬಂಧವಿಲ್ಲ, ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್ ಎತ್ತರ ನೋಡಿ.

ಟ್ರಸ್ ರಾಡ್ ನಟ್ಟು ತಿರುಗಿಸುವ ಎಲೆನ್ ಕೀ ವಿಷಯದಲ್ಲಿ "ನಡೀತದ" ಎನ್ನುವ ಮಾತೇ ಬೇಡ. ಅಮೆರಿಕದ ಬೇಸ್‌ಗಳಲ್ಲಿ ಇಂಚಿನ ಅಳತೆ, ಜಪಾನ್ ಮತ್ತು ಯುರೋಪಿನವುಗಳಲ್ಲಿ ಮಿಲಿಮೀಟರ್. 3/16 ಇಂಚು ಎಂದರೆ 4.76 ಮಿ.ಮೀ.; ಅದಕ್ಕೆ 5ರ ಕೀ ಹೋಗುವುದಿಲ್ಲ, 4.5ರ ಕೀ ಹೋಗಿ ಜಾರುತ್ತದೆ. ನಟ್ಟಿನ ಒಳಮೂಲೆ ಒಮ್ಮೆ ಸವೆದರೆ ಅದರ ರಿಪೇರಿ ಪ್ರವಾಸದ ನಡುವೆ ಆಗುವ ಕೆಲಸವಲ್ಲ.

ಒಣಹವೆಯಲ್ಲಿ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಕೈಗೆ ತರಚುತ್ತವೆ. ಅಲ್ಲಿಯೇ ಅರ ಹಾಕಿ ಉಜ್ಜಬೇಡಿ, ತೇವ ಮರಳಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಸಾಗಣೆ

ಸ್ಲೀಪರ್ ಬಸ್ಸಿನ ಡಿಕ್ಕಿ ಬೇಸಿನ ಜಾಗವಲ್ಲ. ಕೆಳಗಿನಿಂದ ಬಿಸಿ, ಸಂದುಗಳಿಂದ ಧೂಳು, ಮೇಲೆ ಯಾರದೋ ಮೂಟೆ. ಬೇಸಿನ ಉದ್ದ ಸುಮಾರು 117 ಸೆಂ.ಮೀ.; ದಪ್ಪ ಗಾದಿಯ ಚೀಲದಲ್ಲಿ ಹಾಕಿ ಬರ್ತಿನಲ್ಲಿ ಗೋಡೆಯ ಬದಿಗೆ ಮಲಗಿಸಿಕೊಂಡರೆ ಆಯಿತು. ಗೋಲಗುಂಬಜ್, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗಳಲ್ಲಿ ಮೇಲಿನ ಬರ್ತ್ ಹಿಡಿಯಿರಿ. ಬಾಡಿಗೆ ವಾಹನದಲ್ಲಿ ಹೋಗುವವರು ಊಟಕ್ಕೆ ಇಳಿದಾಗ ಬೇಸನ್ನೂ ಇಳಿಸಬೇಕು. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಆಗಬಹುದು. ಆ ಶಾಖಕ್ಕೆ ಮರದ ಅಂಟು ಮೆತ್ತಗಾಗುತ್ತದೆ.

ಬೆಳಗಾವಿಯ ಸಾಂಬ್ರಾದಿಂದ ವಿಮಾನ ಹತ್ತುವುದಾದರೆ ಟಿಕೆಟ್ ಮಾಡುವ ಮೊದಲೇ ಕಂಪನಿಗೆ ಅಳತೆ ಕೊಟ್ಟು ಕೇಳಿ. ಲಗೇಜಿನ ಉದ್ದ, ಅಗಲ, ಎತ್ತರ ಕೂಡಿ 158 ಸೆಂ.ಮೀ. ಎಂಬುದು ಹೆಚ್ಚಿನ ಕಡೆಯ ಮಿತಿ, ಬೇಸಿನ ಕೇಸ್ 180ರ ಹತ್ತಿರ ಬರುತ್ತದೆ. ಗಟ್ಟಿ ಕೇಸಿನಲ್ಲಿ ಆಸರೆ ಕುತ್ತಿಗೆಯ ಕೆಳಗಿರಬೇಕು, ಹಿಂದಕ್ಕೆ ಬಾಗಿದ ತಲೆಯ ತುದಿ ಎಲ್ಲಿಯೂ ತಾಗಬಾರದು. ಕೇಸ್ ಬೆನ್ನ ಮೇಲೆ ಬಿದ್ದಾಗ ಮುರಿಯುವುದು ಅಲ್ಲಿಯೇ. ತಂತಿಗಳನ್ನು ಒಂದು ಸ್ವರದಷ್ಟು ಇಳಿಸಿದರೆ ಸಾಕು. ನಾಲ್ಕು ತಂತಿಗಳ ಎಳೆತ ಸುಮಾರು 80 ಕೆಜಿ. ಪೂರ್ತಿ ಸಡಿಲಿಸಿದರೆ ಟ್ರಸ್ ರಾಡ್ ಒಂದೇ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಬಿಡಿ ಬ್ಯಾಟರಿಗಳ ತುದಿಗೆ ಟೇಪ್ ಅಂಟಿಸಿ ಕೈಚೀಲದಲ್ಲಿಡಿ. 9 ವೋಲ್ಟಿನ ಎರಡೂ ತುದಿ ಒಂದೇ ಕಡೆ ಇರುವುದರಿಂದ ಒಂದು ನಾಣ್ಯ ತಾಗಿದರೂ ಕಾದು ಕೆಂಡವಾಗುತ್ತದೆ.

ವೇದಿಕೆ

ಶಾಮಿಯಾನದ ವೇದಿಕೆಯಲ್ಲಿ ಮೊದಲು ಅರ್ಥಿಂಗ್ ನೋಡಿ. ಆ್ಯಂಪ್ ಆನ್ ಮಾಡಿ, ಬೇಸಿನ ವೈರ್ ಸಿಕ್ಕಿಸಿ, ಮಲ್ಟಿಮೀಟರನ್ನು ಎಸಿಯ ದೊಡ್ಡ ರೇಂಜಿನಲ್ಲಿಟ್ಟು ಒಂದು ಕಡ್ಡಿಯನ್ನು ವೈರಿನ ಪಿನ್ನಿನ ಲೋಹಕ್ಕೂ ಇನ್ನೊಂದನ್ನು ಹಾಡುವ ಮೈಕಿನ ಜಾಲರಿಗೂ ಮುಟ್ಟಿಸಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಬೇಸ್ ಕೊರಳಿಗೆ ಹಾಕಿಕೊಂಡು ಮೈಕಿಗೆ ತುಟಿ ಹಚ್ಚಬೇಡಿ. ಗುಂಯ್‌ಗುಟ್ಟುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಅದು ಜೀವಕ್ಕೆ ಕುತ್ತು. ಬೇಸಿನ ಸಿಗ್ನಲ್ಲನ್ನು ಮಿಕ್ಸರಿಗೆ ಕೊಡುವ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದೇ ಆ ಗುಂಯ್ ಸದ್ದು ತಗ್ಗಿಸಲು. ಹೊರದೇಶದಿಂದ ತಂದ ಆ್ಯಂಪಿನ ಹಿಂದೆ 120/230 ಸ್ವಿಚ್ ಇದ್ದರೆ ಪ್ಲಗ್ ಹಾಕುವ ಮೊದಲು ಅದು 230ರಲ್ಲಿದೆಯೇ ನೋಡಿ.

ಆ್ಯಕ್ಟಿವ್ ಬೇಸಿಗೆ ಸಾದಾ ಪ್ಯಾಸಿವ್ ಡಿಐ ನಡೆಯುತ್ತದೆ. ಸಿಗ್ನಲ್ ಜೋರಾಗಿರುವುದರಿಂದ ಆ್ಯಂಪಿನ ಆ್ಯಕ್ಟಿವ್ ಇನ್‌ಪುಟ್ ಇಲ್ಲವೇ ಸಿಗ್ನಲ್ ತಗ್ಗಿಸುವ ಪ್ಯಾಡ್ ಸ್ವಿಚ್ ಬಳಸಿ. ಗುಂಡಿಗಳನ್ನು ನಡುವಿನ ಕಚ್ಚಿನಲ್ಲಿಟ್ಟು ಶುರುಮಾಡಿ. ಬಯಲಿನಲ್ಲಿ ಸದ್ದು ಸಣ್ಣದಾಯಿತೆಂದು ಬೇಸ್ ಗುಂಡಿ ಪೂರ್ತಿ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಐದು ತಂತಿಯ ಬೇಸಿನಲ್ಲಿರುವ ಬಿ ತಂತಿಯ ಮೂಲಸ್ವರ 31 ಹರ್ಟ್ಜ್, ಇ ತಂತಿಯದು 41. ಬಾಡಿಗೆ ಸ್ಪೀಕರ್‌ಗಳಲ್ಲಿ ಅಷ್ಟು ಕೆಳಗಿನದು ಬಾರದು, ಪವರ್ ಮಾತ್ರ ಸುಡುತ್ತದೆ. ಅದರ ಬದಲು ಮಿಡ್ ಸ್ವಲ್ಪ ಏರಿಸಿ.

ಬೆಳಗಾವಿಯ ಗಣೇಶ ಮೆರವಣಿಗೆಯಲ್ಲಿ ಗುಲಾಲು, ಬೀರಪ್ಪನ ಜಾತ್ರೆಯಲ್ಲಿ ಭಂಡಾರ ಹಾರುತ್ತದೆ. ಅರಿಶಿನ ಎಣ್ಣೆ ಫಿನಿಶಿನ ಮೇಪಲ್ ಮರಕ್ಕೆ ಹತ್ತಿದರೆ ಹೋಗುವುದಿಲ್ಲ. ಪೂಜೆ ಮುಗಿಯುವವರೆಗೆ ಬೇಸನ್ನು ಕೇಸಿನಲ್ಲೇ ಇಡಿ, ಇಲ್ಲವೇ ಪ್ಲಾಸ್ಟಿಕ್ ಹೊದಿಸಿ. ಪುಡಿ ಬಿದ್ದರೆ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಊದಿ, ಮೆತ್ತನೆಯ ಬ್ರಷ್ಷಿನಿಂದ ತೆಗೆದು ಆಮೇಲೆ ಒರೆಸಿ. ಕಾರ್ಯಕ್ರಮ ಮುಗಿದ ಮೇಲೆ ಮೊದಲು ವೈರ್ ಕೀಳಿ, ತಂತಿಗಳ ಅಡಿಯಲ್ಲೂ ಬಟ್ಟೆ ಹಾಯಿಸಿ ಬೆವರು ತೆಗೆಯಿರಿ, ಸ್ಯಾಡಲ್ ಸ್ಕ್ರೂಗಳನ್ನೂ ಒರೆಸಿ. ಉಪ್ಪಿಗೆ ಮೊದಲು ತುಕ್ಕು ಹಿಡಿಯುವುದು ಅವಕ್ಕೇ, ಹಿಡಿದರೆ ಮುಂದೆ ಎತ್ತರ ಹೊಂದಿಸಲು ಕೀ ಕೂರುವುದಿಲ್ಲ.