ಹಳೆಯ ಮನೆಗೆ ಏಸಿ ಹಾಕಿಸುವ ಮುನ್ನ

ನಮ್ಮ ಕೋಣೆಗೆ 1 ಟನ್ ಸಾಕೆಂದು ಏಸಿ ಕೂರಿಸಲು ಬಂದವನು ಹೇಳಿದಾಗ, ಇವನಿಗೆ ನಮ್ಮ ಸೆಕೆಯ ಕಷ್ಟ ಗೊತ್ತಿಲ್ಲವೆಂದು ತೀರ್ಮಾನಿಸಿ 2 ಟನ್ನಿನದನ್ನೇ ಹಾಕಿಸಿದ ಜಾಣ ನಾನು. ಟನ್ ಎಂದರೆ ಗಂಟೆಗೆ 12,000 ಬಿಟಿಯು (ಶಾಖ ಅಳೆಯುವ ಒಂದು ಮಾನ) ಶಾಖವನ್ನು ಹೊರಹಾಕುವ ಶಕ್ತಿ. ಅದು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಾನು ನಂಬಿದ್ದೆ. ಆ ಯಂತ್ರ ಕೆಲವೇ ನಿಮಿಷಗಳಲ್ಲಿ ಕೋಣೆಯನ್ನು ತಣ್ಣಗಾಗಿಸಿ ನಿಂತುಬಿಡುತ್ತಿತ್ತು. ಗಾಳಿಯಲ್ಲಿನ ತೇವ ಏಸಿಯೊಳಗಿನ ತಣ್ಣನೆಯ ಕೊಳವೆಸುರುಳಿಯ, ಅಂದರೆ ಕಾಯಿಲಿನ ಮೇಲೆ ನೀರಾಗಿ ಕೂತು ಹೊರಗೆ ಹರಿದುಹೋಗಬೇಕಾದರೆ ಯಂತ್ರ ಬಹಳ ಹೊತ್ತು ಓಡಬೇಕು. ಹಾಗಾಗಲಿಲ್ಲ. ಚಳಿಗೆ ಹೊದ್ದ ಹೊದಿಕೆಯೇ ಮೈಗೆ ಅಂಟುತ್ತಿತ್ತು. ಪೆಟ್ಟಿಗೆಯ ತೂಕಕ್ಕೆ ಹೆದರುತ್ತಲೇ ಊರಿನಿಂದ ಹೊತ್ತು ತಂದಿದ್ದ ಕನ್ನಡ ಪುಸ್ತಕಗಳ ರಟ್ಟಿನ ಮೇಲೆ ಒಂದೇ ಮಳೆಗಾಲದಲ್ಲಿ ಬೂದುಬಣ್ಣದ ಬೂಷ್ಟು ಹಬ್ಬಿತು.

ಆದ್ದರಿಂದ ಮೊದಲು ಹಳೆಯ ಕಿಟಕಿಗಳ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದುಗಳನ್ನು ಮುಚ್ಚಿಸಿ, ಆಮೇಲೆ ಕೋಣೆಗೆ ಎಷ್ಟು ಟನ್ ಬೇಕೆಂದು ಅಳತೆ ಮಾಡಿಸಿ, ಪೂರ್ತಿ ನಿಲ್ಲುವ ಬದಲು ವೇಗ ತಗ್ಗಿಸಿಕೊಂಡು ಓಡುವ ಇನ್ವರ್ಟರ್ ಏಸಿಯನ್ನೇ ಆರಿಸಿ. ಏಸಿಯ ಫ್ಯಾನನ್ನು ಆಟೋದಲ್ಲಿಡಿ, ಇಲ್ಲವಾದರೆ ಕಂಪ್ರೆಸರ್ ನಿಂತ ಮೇಲೂ ಬೀಸುವ ಗಾಳಿ ಕಾಯಿಲಿನ ನೀರನ್ನು ಮತ್ತೆ ಕೋಣೆಗೇ ತರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ; ಹಳೆಯ ವೈರಿಂಗನ್ನು ನಂಬದೆ ಏಸಿಗೆ ಪ್ರತ್ಯೇಕ ಲೈನ್ ಎಳೆಸಿ.

ಏಸಿಯ ನೀರನ್ನು ಹೊರಗೊಯ್ಯುವ ಪೈಪಿನ ವಿಷಯದಲ್ಲಂತೂ ಯಾರ ಮಾತನ್ನೂ ನಂಬಬೇಡಿ. ಮೀಟರಿಗೆ 1 ಸೆಂಟಿಮೀಟರಾದರೂ ಇಳಿಜಾರಿರಬೇಕು. ನಮ್ಮದು ನಡುವೆ ಜೋತುಬಿದ್ದಿದ್ದರಿಂದ ನೀರು ಹಿಂದಕ್ಕೆ ಬಂದು ಗೋಡೆಯೊಳಗೆ ಇಳಿಯಿತು. ಬೆರಳಿಟ್ಟರೆ ಗಾರೆ ಹಿಟ್ಟಿನಂತೆ ಉದುರಿದಾಗಲೇ ನಮಗದು ತಿಳಿದದ್ದು. ಕೂರಿಸಿದವರು ಹೊರಡುವ ಮುನ್ನ ಕಾಯಿಲಿನ ಕೆಳಗೆ ನೀರು ಸೇರುವ ತಟ್ಟೆಗೆ ಒಂದು ಚೊಂಬು ನೀರು ಹೊಯ್ಯಿಸಿ, ಅದು ಹೊರಗೆ ಬೀಳುವುದನ್ನು ಕಣ್ಣಾರೆ ನೋಡಿ.

ಇಷ್ಟಾದರೂ ಬೆಳಗೆದ್ದು ಕಿಟಕಿಗಳನ್ನೆಲ್ಲ ತೆರೆಯುವ ನಮ್ಮ ಅಭ್ಯಾಸವಿದೆಯಲ್ಲ, ಅದು ರಾತ್ರಿಯಿಡೀ ಏಸಿ ಹಿಂಡಿ ತೆಗೆದ ತೇವವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಒಳಗೆ ತುಂಬುತ್ತದೆ. ಗೋಡೆಗೊಂದು ತೇವಮಾಪಕ ತೂಗುಹಾಕಿ, ಅಂಕಿ ಶೇಕಡಾ 60 ದಾಟದಂತೆ ನೋಡಿಕೊಳ್ಳಿ. ನಾನು ಈಗಲೂ ಮರೆತು ಚಿಲಕಕ್ಕೆ ಕೈಹಾಕುತ್ತೇನೆ. ಮಗಳು ಹಿಂದೆಯೇ ಬಂದು ಮುಚ್ಚುತ್ತಾಳೆ. ವರ್ಷದಲ್ಲಿ ಕೆಲವು ದಿನ ಹೊರಗಿನ ಗಾಳಿ ಒಣಗಿರುತ್ತದೆ. ಆಗ ಏಸಿ ನಿಲ್ಲಿಸಿ ಕಿಟಕಿಗಳನ್ನೆಲ್ಲ ತೆರೆದಿಟ್ಟು ಮಲಗಿದರೆ, ಹೊರಗಿನ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ.